ಪದ ಬೇಕು: ಡ್ರೈವರ್‌ಗಳ 'ಕಾನ್‌ಫ್ಲಿಕ್ಟ್'ಗೆ ಏನನ್ನೋಣ? (ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು)

ಎಲ್ಲರಿಗೂ ನಮಸ್ಕಾರ.

ಶನಿವಾರ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಆರ್ಡುಯಿನೋ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಕಲಿಸುತ್ತಿದ್ದೇನೆ. ಲ್ಯಾಬಿನ ಕಂಪ್ಯೂಟರುಗಳಲ್ಲಿ ಎಲ್ಲವೂ ಉಬುಂಟು 22.04, ಅಂದರೆ ವಿಂಡೋಸ್ ಬದಲು ಲಿನಕ್ಸ್. ಬೋರ್ಡ್ ಚುಚ್ಚಿದರೆ ಪೋರ್ಟ್ (ಕಂಪ್ಯೂಟರ್ ಬೋರ್ಡಿನ ಜೊತೆ ಮಾತಾಡುವ ದಾರಿ) ಒಂದು ಕ್ಷಣ ಕಾಣಿಸಿ ಮಾಯವಾಗುತ್ತದೆ. ಕಾರಣ ಗೊತ್ತು. ಅಗ್ಗದ ಬೋರ್ಡುಗಳಲ್ಲಿ ಯುಎಸ್‌ಬಿ ಸಂಪರ್ಕ ನೋಡಿಕೊಳ್ಳುವ ಸಿಎಚ್340 ಚಿಪ್ಪಿನ ಗುರುತಿನ ನಂಬರ್ 1ಎ86:7523. ಕಣ್ಣು ಕಾಣದವರು ಬೆರಳಲ್ಲಿ ಓದುವ ಒಂದು ಬ್ರೈಲ್ ಯಂತ್ರಕ್ಕೂ ಅದೇ ನಂಬರ್. ಬ್ರೈಲ್ ನೋಡಿಕೊಳ್ಳುವ ಬಿಆರ್‌ಎಲ್‌ಟಿಟಿವೈ ಅನ್ನುವ ಪ್ರೋಗ್ರಾಂ, ತನ್ನದೇ ಯಂತ್ರ ಬಂತು ಅಂದುಕೊಂಡು ಎದ್ದು ಬರುತ್ತದೆ. ಯಾರ ತಪ್ಪೂ ಅಲ್ಲ.

ಇದನ್ನು ಗೋಡೆಗೆ ಅಂಟಿಸುವ ಹಾಳೆಯಲ್ಲಿ ಬರೆಯಬೇಕು. ಡ್ರೈವರ್ ಅಂದರೆ ಸಾಧನವನ್ನು ನಡೆಸುವ ಪ್ರೋಗ್ರಾಂ, ಹಾಗಾಗಿ 'ಚಾಲಕ ಸಂಘರ್ಷ' ಅಂತ ಬರೆದೆ. ಎಂಟನೇ ಕ್ಲಾಸಿನ ಮಗಳು ಓದಿ, "ಬಸ್ಸಿನವರು ಸ್ಟ್ರೈಕ್ ಮಾಡ್ತಿದ್ದಾರಾ?" ಅಂದಳು. ಲಾಗಿನಲ್ಲಿ (ಕಂಪ್ಯೂಟರ್ ತಾನೇ ಬರೆದಿಡುವ ದಿನಚರಿ) ಬರುವ ಸಾಲು ಹೀಗಿದೆ: 'ಇಂಟರ್‌ಫೇಸ್ 0 ಕ್ಲೈಮ್ಡ್ ಬೈ ಸಿಎಚ್341 ವೈಲ್ ಬಿಆರ್‌ಎಲ್‌ಟಿಟಿವೈ ಸೆಟ್ಸ್ ಕಾನ್‌ಫಿಗ್ 1'. ಇಲ್ಲಿನ 'ಕ್ಲೈಮ್'ಗೂ ಒಂದು ಪದ ಕೊಡಿ.

ಮರು:

ಚಾಲಕವೂ ಬೇಡ, ಸಂಘರ್ಷವೂ ಬೇಡ. ಓದುಗ, ಕೇಳುಗ, ನೋಡುಗ ಇರುವಾಗ 'ನಡೆಸುಗ' ಯಾಕಾಗಬಾರದು? ಕಾನ್‌ಫ್ಲಿಕ್ಟ್ ಅಂದರೆ 'ತಿಕ್ಕಾಟ'. ಕ್ಲೈಮಿಗೆ ಅಚ್ಚಗನ್ನಡದ 'ಹಕ್ಕು' ಇದ್ದೇ ಇದೆ: 'ಹಕ್ಕು ಹೂಡಿದೆ' ಅನ್ನಿ. ಸಾಲ ಕೇಳುವ ಮುಂಚೆ ನಮ್ಮ ಕಣಜದಲ್ಲಿ ಏನಿದೆ ಅಂತ ನೋಡುವ ಅಭ್ಯಾಸ ಬೆಳೆಸಿಕೊಳ್ಳೋಣ.

ಮರು:

> ಅಚ್ಚಗನ್ನಡದ 'ಹಕ್ಕು'

ಅರಬ್ಬಿಯ 'ಹಕ್' ಸ್ವಾಮಿ ಅದು. ಅರ್ಜಿ, ವಕೀಲ, ಜಪ್ತಿ ಬಂದ ದಾರಿಯಲ್ಲೇ ಬಂದದ್ದು. ಕಣಜದ ಕಾಳೆಲ್ಲ ನಮ್ಮ ಹೊಲದ್ದೇ ಅಲ್ಲ.

ಕೇಳಿದವರಿಗೆ: 'ತಕರಾರು' ಹಾಕಿ. ಒಂದೇ ಸರ್ವೆ ನಂಬರಿಗೆ ಇಬ್ಬರು ಬಂದು ನಿಂತರೆ ತಾಲ್ಲೂಕು ಕಚೇರಿಯಲ್ಲಿ ಏನಂತಾರೆ? ತಕರಾರು. ನಿಮ್ಮದೂ ಅದೇ ಕಥೆ, ಒಂದೇ ನಂಬರ್, ಇಬ್ಬರು ವಾರಸುದಾರರು. ಪದದ ಪ್ರಯಾಣವೂ ಚೆನ್ನಾಗಿದೆ. ಅರಬ್ಬಿಯಲ್ಲಿ ತಕ್ರಾರ್ ಅಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ನಮ್ಮ ಹತ್ತಿರ ಬರುವಷ್ಟರಲ್ಲಿ ಜಗಳವಾಯಿತು. ಈ ಮೇಲಿಂಗ್ ಲಿಸ್ಟಿನಲ್ಲಿ ಎರಡೂ ಅರ್ಥ ಒಟ್ಟಿಗೇ ಸಿಗುತ್ತವೆ.

ಮರು:

ನೀವಿಬ್ಬರೂ ಆ ಸಾಲನ್ನು ಓದಿದ ಹಾಗೆ ಕಾಣಲಿಲ್ಲ. ಅಲ್ಲಿ ಮೊದಲು ಬಂದು ಕೂತಿರುವುದು ಸಿಎಚ್341, ಅಂದರೆ ನಿಮ್ಮ ಸಿಎಚ್340 ಚಿಪ್ಪನ್ನು ನಡೆಸುವ, ಕರ್ನೆಲ್ಲಿನ (ಉಬುಂಟುವಿನ ತಿರುಳಿನ) ಡ್ರೈವರ್. ಆಮೇಲೆ ಬಿಆರ್‌ಎಲ್‌ಟಿಟಿವೈ ಬರುತ್ತದೆ. ಸ್ವಲ್ಪ ಕೆಳಗೆ ನೋಡಿದರೆ ಸಿಎಚ್341 ಕಳಚಿಕೊಂಡಿತು ಅಂತ ಇನ್ನೊಂದು ಸಾಲು ಇರುತ್ತದೆ. ತಿಕ್ಕಾಟವೂ ಇಲ್ಲ, ತಕರಾರೂ ಇಲ್ಲ. ಕೂತವನನ್ನು ಇನ್ನೊಬ್ಬ ಎಬ್ಬಿಸಿದ, ಅಷ್ಟೆ.

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಕ್ಲೈಮ್ ಅಂದರೆ ಅದು. ಪದ 'ಹಿಡಿ'. ಇದಕ್ಕೆ ಸುಮ್ನೆ ನಿಘಂಟು ತಿರುವಬೇಕಾಗಿಲ್ಲ.

ಇನ್ನೊಂದು ಮಾತು. ಹಾಳೆಯಲ್ಲಿ 'ಒಂದು ಸಾಧನಕ್ಕೆ ಒಂದೇ ಡ್ರೈವರ್' ಅಂತ ಬರೆದುಬಿಟ್ಟೀರಿ, ತಪ್ಪು. ಒಂದು ಇಂಟರ್‌ಫೇಸಿಗೆ ಒಂದು. ಯುಎಸ್‌ಬಿ ಹೆಡ್‌ಸೆಟ್ಟಿನಲ್ಲಿ ಸದ್ದಿಗೆ ಒಂದು ಡ್ರೈವರ್, ವಾಲ್ಯೂಮ್ ಬಟನ್ನಿಗೆ ಇನ್ನೊಂದು, ಪಕ್ಕಪಕ್ಕದಲ್ಲಿ ಆರಾಮಾಗಿ ಕೂತಿರುತ್ತವೆ. ಸಾಧನ ಬಸ್ಸು, ಇಂಟರ್‌ಫೇಸ್ ಸೀಟು. ಯುಎಸ್‌ಬಿಯ ಕೊನೆಯ ಅಕ್ಷರವೂ ಬಸ್ಸೇ ಅಲ್ವಾ?

ಮರು:

ಹಕ್ಕಿನ ವಿಷಯ ಒಪ್ಪಿದೆ. 'ಹಿಡಿ' ಸರಿ, ಹಳಗನ್ನಡದ 'ಪಿಡಿ', ತಮಿಳಿನಲ್ಲೂ ಪಿಡಿ. ಆದರೆ ಟವೆಲ್, ಸೀಟು, ಬಸ್ಸು, ಮೂರಕ್ಕೆ ಮೂರೂ ಎರವಲು. ಹೀಗೇ ಹೋದರೆ ಹಾಳೆಯಲ್ಲಿ ಕನ್ನಡ ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮರು:

> ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ

ಅಷ್ಟು ಸಾಕು. 'ಸೀಟಿನಿಂದ ಎಬ್ಬಿಸಿದ' ಅಂದರೆ ಯಾವ ಇಂಗ್ಲಿಷಿನವನಿಗೆ ಅರ್ಥವಾಗುತ್ತದೆ? 'ನಡೆಸುಗ' ಅಂದರೆ ಯಾವ ಕನ್ನಡದವನಿಗೆ?

ಮರು:

ಮೊದಲ ಸಲ ಕೇಳಿದಾಗ 'ಓದುಗ'ವೂ ಯಾರಿಗೋ ವಿಚಿತ್ರವಾಗಿಯೇ ಕೇಳಿಸಿರುತ್ತದೆ. ಈ ವಾದ ಇಲ್ಲಿಗೆ ಬಿಡುತ್ತೇನೆ.

(ಬಿಡಲಿಲ್ಲ. ಆಮೇಲೆ ಹನ್ನೊಂದು ಮೇಲ್ ಬಂದವು, ನಾನು ಓದಿದ್ದು ಎರಡು. ಕೇಳಿದವಳು ನಾನೇ, ಕೊನೆಗೆ ಪ್ರಿಂಟಿಗೆ ಕೊಟ್ಟದ್ದನ್ನು ಕೆಳಗೆ ಹಾಕಿದ್ದೇನೆ.)

ಪೋರ್ಟ್ ಬಂದು ಮಾಯವಾಯಿತೇ?

ನಿಮ್ಮ ಬೋರ್ಡಿಗೂ ಒಂದು ಬ್ರೈಲ್ ಯಂತ್ರಕ್ಕೂ ಒಂದೇ ಗುರುತಿನ ನಂಬರ್. ಬೋರ್ಡಿನ ಡ್ರೈವರ್ ಸೀಟು ಹಿಡಿದು ಕೂತಿರುತ್ತದೆ. ಬ್ರೈಲ್ ಪ್ರೋಗ್ರಾಂ ಬಂದು ಅದನ್ನು ಎಬ್ಬಿಸುತ್ತದೆ. ಹಾಗಾದಾಗ ಟೀಚರನ್ನು ಕರೆಯಿರಿ.

ಟೀಚರಿಗೆ: 85-ಬಿಆರ್‌ಎಲ್‌ಟಿಟಿವೈ ರೂಲ್ಸ್ ಫೈಲಿನಲ್ಲಿ 1ಎ86 ಮತ್ತು 7523 ಎರಡೂ ಇರುವ ಸಾಲಿನ ಮುಂದೆ # ಹಾಕಿ, ಕಂಪ್ಯೂಟರ್ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಇಡೀ ಪ್ರೋಗ್ರಾಂ ತೆಗೆಯಬೇಡಿ. ಲ್ಯಾಬಿಗೆ ಬ್ರೈಲ್ ಓದುವ ಮಗು ಬಂದರೆ ಅದು ಬೇಕಾಗುತ್ತದೆ.

'ಕಾನ್‌ಫ್ಲಿಕ್ಟ್'ಗೆ ಪದ ಹುಡುಕಿ ಹುಡುಕಿ, ಕೊನೆಗೆ ಹಾಳೆಯಲ್ಲಿ ಅದು ಬೇಕಾಗಲೇ ಇಲ್ಲ. ಮಗಳು ಓದಿದಳು. "ಎಬ್ಬಿಸಿದ ಮೇಲೆ ಬೋರ್ಡಿನ ಡ್ರೈವರ್ ನಿಂತೇ ಇರುತ್ತಾ?" ಅಂತ ಕೇಳಿದಳು. ನಿಂತಿರುತ್ತೆ ಅಂದೆ.

ತಕರಾರು ಹೇಳಿಕೊಟ್ಟವರಿಗೆ: ಒಂದೇ ನಂಬರಿನ ಸಾಲು ಬಂದದ್ದು ನಿಮ್ಮ ಸರ್ವೆ ನಂಬರಿನಿಂದ. ಪದ ಬಳಸಲಿಲ್ಲ, ಬೇಜಾರು ಬೇಡ.