ಟ್ರಿಪ್ ಕೊಡುವ ಮೊದಲೇ ಪಂಪ್ ಫ್ಲೋ ಏರುತ್ತಿದೆ, ಯಾಕೆ?

ಪ್ರಶ್ನೆ

ಎರಡು ದಿನದಿಂದ ಇದರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಪಂಪಿಗೆ ಕರೆಂಟ್ ಹೋದರೆ (ಟ್ರಿಪ್) ಪೈಪಿನಲ್ಲಿ ಒತ್ತಡ ಹೇಗೆ ಏರಿಳಿಯುತ್ತದೆ ಅಂತ ಸಾಫ್ಟ್‌ವೇರ್‌ನಲ್ಲಿ ನೋಡುತ್ತಿದ್ದೇನೆ. ಮಾಡೆಲ್ ತೀರಾ ಸರಳ. ಒಂದು ಪಂಪ್, 6 ಕಿಲೋಮೀಟರ್ ಉದ್ದದ 450 ಮಿಲಿಮೀಟರ್ ಪೈಪು, ಕೊನೆಯಲ್ಲಿ 45 ಮೀಟರ್ ಎತ್ತರದಲ್ಲಿ ಟ್ಯಾಂಕು. ಪಂಪಿನ ರೇಟೆಡ್ ಪಾಯಿಂಟ್ ಸೆಕೆಂಡಿಗೆ 250 ಲೀಟರ್, ಹೆಡ್ (ನೀರಿನ ಎತ್ತರದಲ್ಲಿ ಅಳೆದ ಒತ್ತಡ) 62 ಮೀಟರ್, 1480 ಆರ್‌ಪಿಎಂ. ವೇವ್ ಸ್ಪೀಡ್, ಅಂದರೆ ಪೈಪಿನಲ್ಲಿ ಒತ್ತಡದ ಅಲೆ ಓಡುವ ವೇಗ, ಸೆಕೆಂಡಿಗೆ 1000 ಮೀಟರ್. ಸ್ಟೆಡಿ ಸ್ಟೇಟ್‌ನಲ್ಲಿ (ಏನೂ ಬದಲಾಗದೆ ಹರಿಯುವಾಗ) 225 ಲೀಟರ್, 66 ಮೀಟರ್ ಬರುತ್ತದೆ, ಕೈಲೆಕ್ಕಕ್ಕೂ ಹೊಂದುತ್ತದೆ. ಟ್ರಿಪ್ ಕೊಟ್ಟಿರುವುದು 60ನೇ ಸೆಕೆಂಡಿಗೆ. ಆದರೆ ಟ್ರಾನ್ಸಿಯೆಂಟ್ ರನ್ (ಕ್ಷಣಕ್ಷಣದ ಬದಲಾವಣೆಯ ಲೆಕ್ಕ) ಶುರುವಾದ ತಕ್ಷಣ ಫ್ಲೋ 229ಕ್ಕೆ ಹಾರುತ್ತದೆ, ಆಮೇಲೆ 231, ಕೊನೆಗೆ 232ರಲ್ಲಿ ನಿಲ್ಲುತ್ತದೆ. ಆರಂಭದ ಫ್ಲೋ ಪಂಪ್ ಕರ್ವ್‌ಗೆ (ಯಾವ ಫ್ಲೋಗೆ ಎಷ್ಟು ಹೆಡ್ ಅಂತ ತೋರಿಸುವ ಗೆರೆ) ಹೊಂದುತ್ತಿಲ್ಲ ಅಂತ ಎಚ್ಚರಿಕೆ ಬೇರೆ. ಕರ್ವ್ ಕೊಟ್ಟವನು ನಾನೇ, ಸ್ಟೆಡಿಗೆ ಸರಿ ಇದ್ದದ್ದು ಇಲ್ಲಿ ಯಾಕೆ ತಪ್ಪಾಯಿತು?

ಉತ್ತರ 1

ಟೈಮ್ ಸ್ಟೆಪ್ (ಎಷ್ಟು ಸಮಯಕ್ಕೊಮ್ಮೆ ಲೆಕ್ಕ ಮಾಡುತ್ತದೆ ಅನ್ನೋದು) ಕಡಿಮೆ ಮಾಡಿ ನೋಡಿ. ನನಗೆ ಹೆಚ್ಚಿನ ಸಲ ಅದರಲ್ಲೇ ಸರಿಹೋಗಿದೆ.

ಪ್ರಶ್ನೆ ಕೇಳಿದವರು

ಅರ್ಧ ಮಾಡಿದೆ, ಕಾಲು ಮಾಡಿದೆ. ಅದೇ 229, ಅದೇ 232. ರನ್ ಆಗೋದಕ್ಕೆ ಟೈಮ್ ಜಾಸ್ತಿ ಹಿಡಿಯಿತು, ಅಷ್ಟೇ.

ಉತ್ತರ 2

ಟೈಮ್ ಸ್ಟೆಪ್ ಬದಲಾದರೂ ಉತ್ತರ ಕದಲಲಿಲ್ಲ ಅಂದರೆ ತಪ್ಪು ಲೆಕ್ಕದ್ದಲ್ಲ, ನೀವು ಕೊಟ್ಟ ಡೇಟಾದ್ದು. ಮೊದಲು ಟ್ರಿಪ್ ತೆಗೆದುಹಾಕಿ, ಏನೂ ಈವೆಂಟ್ ಇಲ್ಲದೆ ಸುಮ್ನೆ 100 ಸೆಕೆಂಡ್ ಓಡಿಸಿ. ಗ್ರಾಫ್ ಗೆರೆ ಎಳೆದ ಹಾಗೆ ನೇರ ಇರಬೇಕು. ನಿಮ್ಮದು ಮೆಟ್ಟಿಲು ಹತ್ತುತ್ತದೆ, ಒಂದೊಂದು ಮೆಟ್ಟಿಲೂ 12 ಸೆಕೆಂಡಿಗೆ ಬರುತ್ತಿರಬೇಕು, ಅಲ್ವಾ? ಅಲೆ ಟ್ಯಾಂಕಿನ ತನಕ 6 ಕಿಲೋಮೀಟರ್ ಹೋಗಿ ವಾಪಸ್ ಬರುವುದಕ್ಕೆ ಅಷ್ಟೇ ಬೇಕು. ಅಂದರೆ ಶುರುವಿನಲ್ಲೇ ಪಂಪ್ ಒಂದು ಸಣ್ಣ ಏಟು ಕೊಟ್ಟಿದೆ.

ಯಾಕೆ ಕೊಟ್ಟಿತು? ನೀವು ಬರೆದ ಕರ್ವ್ ಸ್ಟೆಡಿ ಸ್ಟೇಟ್‌ಗೆ ಮಾತ್ರ. ಟ್ರಿಪ್ ಆದಮೇಲೆ ಪಂಪ್ ನಿಧಾನವಾಗಬಹುದು, ನೀರು ಹಿಂದಕ್ಕೆ ಹರಿಯಬಹುದು, ಉಲ್ಟಾ ತಿರುಗಲೂಬಹುದು, ಅದೆಲ್ಲ ನಿಮ್ಮ ಕರ್ವ್‌ನಲ್ಲಿಲ್ಲ. ಹಾಗಾಗಿ ಇಂಥ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ನಾಲ್ಕು ಕ್ವಾಡ್ರೆಂಟ್‌ನ (ನೀರು, ಪಂಪ್ ಎರಡೂ ಮುಂದಕ್ಕೋ ಹಿಂದಕ್ಕೋ ಹೋಗುವ ಎಲ್ಲ ಸ್ಥಿತಿಗಳ) ಸಿದ್ಧ ಸಟರ್ ಕರ್ವ್ ತೆಗೆದುಕೊಂಡು, ಅದನ್ನು ನಿಮ್ಮ ರೇಟೆಡ್ ಪಾಯಿಂಟ್‌ಗೆ ಹಿಗ್ಗಿಸುತ್ತವೆ. ಯಾವ ಸಿದ್ಧ ಕರ್ವ್ ಅನ್ನೋದು ಸ್ಪೆಸಿಫಿಕ್ ಸ್ಪೀಡ್ ಮೇಲೆ, ಅಂದರೆ ವೇಗ, ಫ್ಲೋ, ಹೆಡ್ ಸೇರಿಸಿ ಪಂಪಿನ ಬಗೆ ಹೇಳುವ ಸಂಖ್ಯೆಯ ಮೇಲೆ. ನಿಮ್ಮದು 1480ಕ್ಕೆ 0.25ರ ವರ್ಗಮೂಲ ಗುಣಿಸಿ, 62ರ ಮುಕ್ಕಾಲು ಘಾತದಿಂದ ಭಾಗಿಸಿದರೆ ಸುಮಾರು 33. ಪುಸ್ತಕಗಳಲ್ಲಿ ಸಿಗುವ ಸೆಟ್‌ಗಳು 25, 147, 261. ನೀವು 147 ಇಟ್ಟಿದ್ದೀರಿ ಅಂತ ನನ್ನ ಗುಮಾನಿ. ಅದು ಮಿಕ್ಸೆಡ್ ಫ್ಲೋ ಪಂಪಿನದು, ಕಡಿದಾಗಿದೆ, 225 ಲೀಟರ್‌ಗೆ 66ರ ಬದಲು 69 ಮೀಟರ್ ದಾಟಿ ತೋರಿಸುತ್ತದೆ. ಹೆಡ್ ಹೆಚ್ಚಾದರೆ ಫ್ಲೋ ಏರದೆ ಇನ್ನೇನು.

ಅಮೆರಿಕನ್ ಯೂನಿಟ್‌ನಲ್ಲಿ ಕೇಳಿದರೆ ಅದೇ 33 ಸುಮಾರು 1700 ಆಗುತ್ತದೆ. ಈ ಯೂನಿಟ್ ಗೊಂದಲದಲ್ಲಿ ನಾನೂ ಒಮ್ಮೆ ಬಿದ್ದಿದ್ದೇನೆ.

ಪ್ರಶ್ನೆ ಕೇಳಿದವರು

147 ಹೌದು! ಡೀಫಾಲ್ಟ್ ಆಗಿ ಬಂದಿತ್ತು, ಮುಟ್ಟಿರಲೇ ಇಲ್ಲ. 25 ಇಟ್ಟ ಮೇಲೆ 224ರಲ್ಲಿ ಕೂತಿದೆ, ಎಚ್ಚರಿಕೆಯೂ ಹೋಯಿತು. ಆದರೆ ಈಗ ಟ್ರಿಪ್ ಕೊಟ್ಟರೆ ಪಂಪ್ ವೇಗ ಅರ್ಧಕ್ಕೆ ಇಳಿಯಲು 3 ಸೆಕೆಂಡ್ ಹಿಡಿಯುತ್ತಿದೆ. ಇದು ಸರಿಯಾ? ಇನರ್ಷಿಯಾ (ತಿರುಗುವ ಭಾಗಗಳ ಜಡತ್ವ) 24 ಕೊಟ್ಟಿದ್ದೇನೆ, ಮೋಟರು ಪಂಪು ಎರಡೂ ಸೇರಿ, ಕ್ಯಾಟಲಾಗ್‌ನಲ್ಲಿದ್ದದ್ದು.

ಉತ್ತರ 3

ಕ್ಯಾಟಲಾಗ್‌ನಲ್ಲಿ ಅದರ ಮುಂದೆ ಜಿಡಿ ಸ್ಕ್ವೇರ್ ಅಂತ ಬರೆದಿದೆಯಾ ನೋಡಿ. ಅಲ್ಲಿ ಡಿ ಅಂದರೆ ವ್ಯಾಸ, ನಿಮ್ಮ ಸಾಫ್ಟ್‌ವೇರ್ ಕೇಳುವುದು ತ್ರಿಜ್ಯದ ಲೆಕ್ಕ. ನಾಲ್ಕರಿಂದ ಭಾಗಿಸಬೇಕು. ಸುಮಾರು 185 ಕಿಲೋವ್ಯಾಟ್ ಎಳೆಯುವ ಪಂಪಿಗೆ 6 ಅಂದರೆ ನಂಬಬಹುದು, 24 ಜಾಸ್ತಿಯಾಯಿತು.

ಪ್ರಶ್ನೆ ಕೇಳಿದವರು

ಜಿಡಿ ಸ್ಕ್ವೇರೇ. 6 ಹಾಕಿದೆ, 0.8 ಸೆಕೆಂಡಿಗೆ ವೇಗ ಅರ್ಧ. ಟ್ಯಾಂಕಿನಿಂದ ಒಂದೂವರೆ ಕಿಲೋಮೀಟರ್ ಹಿಂದೆ ಪೈಪು ಒಂದು ದಿಬ್ಬ ಹತ್ತಿ ಇಳಿಯುತ್ತದೆ. ಮೊದಲು ಅಲ್ಲಿ ಒತ್ತಡ ಮೈನಸ್ 3 ಮೀಟರ್ ತನಕ ಮಾತ್ರ ಇಳಿಯುತ್ತಿತ್ತು, 3 ಸೆಕೆಂಡಿಗೆ ಟ್ಯಾಂಕಿನಿಂದ ಅಲೆ ವಾಪಸ್ ಬಂದು ಕಾಪಾಡುತ್ತಿತ್ತು. ಈಗ ಅಲೆ ಬರುವಷ್ಟರಲ್ಲಿ ಮೈನಸ್ 10ಕ್ಕೆ, ಅಂದರೆ ನೀರು ಆವಿಯಾಗುವ ಮಟ್ಟಕ್ಕೆ, ಅಂಟಿಕೊಂಡಿರುತ್ತದೆ. ಅಲ್ಲಿ ರಕ್ಷಣೆಗೆ ಏನೂ ಬೇಡ ಅಂತ ಹೋದ ವಾರವೇ ರಿಪೋರ್ಟ್ ಬರೆದು ಇಟ್ಟಿದ್ದೆ, ಪುಣ್ಯಕ್ಕೆ ಕಳಿಸಿರಲಿಲ್ಲ.