ಸ್ನ್ಯಾಪ್‌ನಲ್ಲಿ (ಉಪಗ್ರಹ ಚಿತ್ರ ಸಂಸ್ಕರಿಸುವ ಸಾಫ್ಟ್‌ವೇರ್) ಎಣ್ಣೆ ಮಚ್ಚೆಯ ಅಂಚು ಮಾತ್ರ ಸಿಗ್ತಿದೆ, ನಡು ಖಾಲಿ

ಅಳಿವೆಬಾಗಿಲು:
ಕೊಚ್ಚಿ–ಮಂಗಳೂರು ನಡುವಿನ ಕಡಲಿನ ಸೆಂಟಿನೆಲ್-1 (ರೇಡಾರ್ ಉಪಗ್ರಹ) ಜಿಆರ್‌ಡಿ ಚಿತ್ರಕ್ಕೆ (ಅರ್ಧ ಸಂಸ್ಕರಿಸಿ ಕೊಡುವ ಚಿತ್ರ) ಎಣ್ಣೆ ಮಚ್ಚೆ ಹುಡುಕುವ ಆಯಿಲ್ ಸ್ಪಿಲ್ ಡಿಟೆಕ್ಷನ್ ಟೂಲ್ ಓಡಿಸಿದೆ, ಎಲ್ಲ ಡಿಫಾಲ್ಟ್. ಕಣ್ಣಿಗೆ 4 ಕಿ.ಮೀ. ಅಗಲದ ಕಪ್ಪು ಮಚ್ಚೆ, ಟೂಲ್ ಗುರುತು ಹಾಕಿದ ಮಾಸ್ಕ್‌ನಲ್ಲಿ ಬಳೆಯ ಹಾಗೆ ಅಂಚಷ್ಟೇ. ದಡದ ಕಡೆ ಚೂರುಪಾರು ಮಚ್ಚೆಗಳ ರಾಶಿ. ಇದರಿಂದ ಎಣ್ಣೆ ಎಷ್ಟು ಅಂತ ಲೆಕ್ಕ ಹಾಕಬಹುದಾ?

ಸಿಗ್ಮಾ_ನಾಟ್:
ವಿಂಡೋ (ಹೋಲಿಕೆಗೆ ತಗೊಳ್ಳುವ ಸುತ್ತಲಿನ ಚೌಕ) ಚಿಕ್ಕದಾಯ್ತು. ಆ ಟೂಲ್ ಪ್ರತಿ ಪಿಕ್ಸೆಲನ್ನು ಸುತ್ತಲಿನ ಸರಾಸರಿಯ ಜೊತೆ ಹೋಲಿಸಿ, 2 ಡಿಬಿ (ಡೆಸಿಬೆಲ್) ಕೆಳಗಿದ್ದರೆ ಗುರುತು ಹಾಕುತ್ತೆ. ಡಿಫಾಲ್ಟ್ ಆಗಿರುವ ಅರ್ಧ ಕಿಲೋಮೀಟರ್ ವಿಂಡೋದಲ್ಲಿ ಮಚ್ಚೆಯ ನಡುವಿನ ಪಿಕ್ಸೆಲ್‌ಗೆ ಸುತ್ತಲೂ ಎಣ್ಣೆಯೇ, ವ್ಯತ್ಯಾಸ ಎಲ್ಲಿಂದ ಬರಬೇಕು? ಮಚ್ಚೆಯ ಎರಡರಷ್ಟಾದರೂ ಕೊಡಿ, ಇಲ್ಲಿ 8–10 ಕಿ.ಮೀ. ಲೆಕ್ಕ ಆಮೆ ನಡಿಗೆ ಆಗುತ್ತೆ, ಮೊದಲೇ ಸಬ್‌ಸೆಟ್ ಮಾಡ್ಕೊಳ್ಳಿ (ಬೇಕಾದ ಭಾಗವಷ್ಟೇ ಕತ್ತರಿಸಿ). ಆಮೇಲೆ ಈ ಕ್ರಮದಲ್ಲಿ: ಆರ್ಬಿಟ್ ಫೈಲ್ (ಉಪಗ್ರಹದ ನಿಖರ ಪಥ), ಥರ್ಮಲ್ ನಾಯ್ಸ್ ತೆಗೆಯೋದು, ಕ್ಯಾಲಿಬ್ರೇಷನ್, ಸ್ಪೆಕಲ್ ಫಿಲ್ಟರ್ (ಚುಕ್ಕೆಚುಕ್ಕೆ ಗದ್ದಲ ತಗ್ಗಿಸೋದು), ಲ್ಯಾಂಡ್ ಮಾಸ್ಕ್ (ನೆಲದ ಭಾಗ ಮರೆಮಾಡೋದು), ಡಿಟೆಕ್ಷನ್. ಟೆರೇನ್ ಕರೆಕ್ಷನ್ (ಚಿತ್ರವನ್ನು ನಕ್ಷೆಗೆ ಹೊಂದಿಸೋದು) ಕೊನೆಗೆ. ಡಿಬಿಗೆ ಬದಲಾಯಿಸಿದ ಬ್ಯಾಂಡ್ ಕೊಡಬೇಡಿ, ಲೀನಿಯರ್ ಕೊಡಿ. ವಿವಿ ಬ್ಯಾಂಡ್ (ಲಂಬವಾಗಿ ಕಳಿಸಿ ಲಂಬವಾಗಿಯೇ ಹಿಡಿದ ಅಲೆ) ಸಾಕು, ಕಡಲ ಮೇಲೆ ವಿಎಚ್ (ಅಡ್ಡವಾಗಿ ಹಿಡಿದದ್ದು) ನಾಯ್ಸ್ ಮಟ್ಟದಲ್ಲೇ ಒದ್ದಾಡುತ್ತೆ.

ಪಡುಗಾಳಿ:
ದಡದ ಚೂರುಗಳು ಗಾಳಿಯ ಕಿತಾಪತಿ ಇರಬೇಕು. ರೇಡಾರ್ ನೋಡೋದು ಎಣ್ಣೆಯನ್ನಲ್ಲ, ಕೆಲವೇ ಸೆಂಟಿಮೀಟರ್‌ನ ಕಿರುಅಲೆಗಳನ್ನು. ಎಣ್ಣೆ ಅವನ್ನು ಅಡಗಿಸುತ್ತೆ, ಜಾಗ ಕಪ್ಪಾಗುತ್ತೆ. ಸೆಕೆಂಡಿಗೆ 3 ಮೀಟರ್‌ಗಿಂತ ಕಡಿಮೆ ಗಾಳಿಗೆ ಅಲೆಯೇ ಏಳಲ್ಲ, ಬರೀ ನೀರೂ ಕಪ್ಪೇ. ಈ ಉಪಗ್ರಹ ಹಾಯೋದು ಬೆಳಗ್ಗೆ ಅಥವಾ ಸಂಜೆ ಆರರ ಆಸುಪಾಸು. ಬೆಳಗಿನ ಹೊತ್ತು ದಡದಲ್ಲಿ ಗಾಳಿ ಬಿದ್ದಿರೋದು ಮಾಮೂಲು. ಅದೇ ಗಂಟೆಯ ಇಆರ್‌ಎ5 (ಜಾಗತಿಕ ಹವಾಮಾನ ದತ್ತಾಂಶ) ಗಾಳಿ ನೋಡಿ, ಆದರೆ ಅದರ ಚೌಕ ಹೆಚ್ಚುಕಡಿಮೆ 25 ಕಿ.ಮೀ., ದಡದಂಚಿಗೆ ಅಷ್ಟು ನಂಬಿಕೆ ಬೇಡ.

ಗಾಳಿ 10–12 ಮೀಟರ್ ದಾಟಿದರೆ ಉಲ್ಟಾ ತೊಂದರೆ: ಎಣ್ಣೆ ನೀರಲ್ಲಿ ಕಲಸಿಹೋಗಿ ಮಚ್ಚೆಯೇ ಮಾಯ. 2025ರ ಮೇ 25ರಂದು ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಅದರಲ್ಲಿ 367 ಟನ್ ಫರ್ನೆಸ್ ಆಯಿಲ್ ಇತ್ತು, ಮುಂಗಾರು ಹಿಂದಿನ ದಿನವಷ್ಟೇ ಕೇರಳ ಮುಟ್ಟಿತ್ತು. ಅಂಥ ಹೊತ್ತಲ್ಲಿ ಮೋಡದ ಕೆಳಗೆ ಕಾಣೋದು ರೇಡಾರ್‌ಗಷ್ಟೇ. ಅದರಲ್ಲಿ ಮಚ್ಚೆ ಇಲ್ಲ ಅಂದ ಮಾತ್ರಕ್ಕೆ ಎಣ್ಣೆ ಇಲ್ಲ ಅಂತ ವರದಿ ಬರೆದುಬಿಡಬೇಡಿ.

ಬೇಸಿಗೆಯ ಚಿತ್ರವಾದರೆ ಟ್ರೈಕೋಡೆಸ್ಮಿಯಂ ಪಾಚಿಯೂ ಹೀಗೇ ಕಪ್ಪಾಗಿ ಮೋಸ ಮಾಡುತ್ತೆ. ಮೋಡವಿಲ್ಲದ ದಿನದ ಸೆಂಟಿನೆಲ್-2ರ ನಿಯರ್ ಇನ್‌ಫ್ರಾರೆಡ್ ಬ್ಯಾಂಡ್‌ನಲ್ಲಿ ತೇಲುವ ಪಾಚಿ ಹೊಳೆಯುತ್ತೆ.

ಸಿಗ್ಮಾ_ನಾಟ್:
ಎಣ್ಣೆಯ ಪ್ರಮಾಣ: 1 ಚದರ ಕಿ.ಮೀ. ಮೇಲೆ 1 ಮೈಕ್ರಾನ್ ಪದರ ಅಂದ್ರೆ 1 ಘನ ಮೀಟರ್. ವಿಸ್ತೀರ್ಣ ಚಿತ್ರದಲ್ಲೇ ಸಿಗುತ್ತೆ, ದಪ್ಪ ಸಿಗಲ್ಲ. ಕಾಮನಬಿಲ್ಲಿನ ಬಣ್ಣದ ಪದರ 0.3ರಿಂದ 5 ಮೈಕ್ರಾನ್. 10 ಚದರ ಕಿ.ಮೀ.ಗೆ 3 ಘನ ಮೀಟರೂ ಆಗಬಹುದು, 50ಊ ಆಗಬಹುದು. ಬಣ್ಣ ನೋಡಿ ಹೇಳೋಕೆ ವಿಮಾನವೇ ಹಾರಬೇಕು.

ಅಳಿವೆಬಾಗಿಲು:
10 ಕಿ.ಮೀ. ಕೊಟ್ಟೆ, ನಡು ತುಂಬಿತು. ದಡದ ಚೂರುಗಳು ಹಾಗೇ ಇವೆ, ಅಲ್ಲಿ ಗಾಳಿ ಸೆಕೆಂಡಿಗೆ 2.1 ಮೀಟರ್.