ಫ್ಲೆಚರ್ 1:96: ಪಕ್ಕದ ಅಲೆಗೆ ವಾಲಿದರೆ ಎದ್ದೇಳೋದೇ ಇಲ್ಲ

ವರುಣಾ_ತೀರ: ಈ ಆಷಾಢದ ಗಾಳೀಲಿ ವರುಣಾ ಕೆರೆಗೆ ನನ್ನ ಡೆಸ್ಟ್ರಾಯರ್ ಮಾಡೆಲ್ (ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧನೌಕೆ ಫ್ಲೆಚರ್, ಅಸಲಿಯ 96ನೇ ಒಂದು ಪಾಲು) ಇಳಿಸೋಕೇ ಆಗ್ತಿಲ್ಲ. ಫುಲ್ ಥ್ರಾಟಲ್‌ನಲ್ಲಿ ತಿರುಗಿಸಿದರೆ ಹೊರಮಗ್ಗುಲಿಗೆ ವಾಲುತ್ತೆ. ಪಕ್ಕದಿಂದ ಅಲೆ ಬಂದರೆ ಡೆಕ್ ಅಂಚು ಮುಳುಗಿ ಹಾಗೇ ನಿಂತುಬಿಡುತ್ತೆ. ಹೋದ ವರ್ಷ ಇದೇ ಹಲ್ (ಹಡಗಿನ ಒಡಲು) ಚೆನ್ನಾಗಿ ಓಡ್ತಿತ್ತು. ತಲೆ ಕೆಟ್ಟುಹೋಗಿದೆ.

ಕೀಲ್_ಪ್ರೇಮಿ: ಬಿಲ್ಜ್ ಕೀಲ್ (ತಳದ ಎರಡೂ ಬದಿಗೆ ಅಂಟಿಸೋ ಉದ್ದನೆ ಪಟ್ಟಿ) ಹಾಕಿಲ್ಲ ಅನ್ಸುತ್ತೆ. 1 ಮಿ.ಮೀ. ಹಿತ್ತಾಳೆ ತಗಡು, 6 ಮಿ.ಮೀ. ಅಗಲ, ನಡುಭಾಗದಲ್ಲಿ 40 ಸೆಂ.ಮೀ. ಉದ್ದ. ತಳ ಬದಿಗೆ ತಿರುಗೋ ಕಡೆ ಎಪಾಕ್ಸಿಯಲ್ಲಿ ಕೂರಿಸಿ, ನೀರು ಹರಿಯೋ ದಿಕ್ಕಿಗೇ ಇರಲಿ.

ಮಂಡ್ಯ_ಹಲ್: ಬಿಲ್ಜ್ ಕೀಲ್ ಹೊಯ್ದಾಟ ತಗ್ಗಿಸುತ್ತೆ, ವಾಲಿದ್ದನ್ನ ಎತ್ತಿ ನಿಲ್ಲಿಸಲ್ಲ. ಒಟ್ಟು ತೂಕ ಎಷ್ಟು ಸಾರ್? ಈ ಸ್ಕೇಲಿಗೆ ಸುಮಾರು 2.8 ಕೆಜಿ ಇರಬೇಕು.

ವರುಣಾ_ತೀರ: 2.3. ಭಾರದ ಲೆಡ್ ಬ್ಯಾಟರಿ ತೆಗೆದು ಹಗುರದ ಲಿಪೋ (ಲಿಥಿಯಂ ಬ್ಯಾಟರಿ) ಹಾಕಿದೀನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡಿ, ಮೋಟಾರ್ ಚೆನ್ನಾಗೇ ತಿರುಗ್ತಿದೆ.

ಕೀಲ್_ಪ್ರೇಮಿ: ಕೀಲ್ ಅಗಲ 8 ಮಿ.ಮೀ. ಮಾಡಿ ನೋಡಿ.

ಮಂಡ್ಯ_ಹಲ್: ಕೀಲ್ ಬಿಡಿ ಗುರು, ಸಂಬಂಧ ಬ್ಯಾಟರೀಲೇ ಇರೋದು. ಅಸಲಿ ಫ್ಲೆಚರ್ ಸುಮಾರು 115 ಮೀ. ಉದ್ದ, 12 ಮೀ. ಅಗಲ. ಇಷ್ಟು ಸಪೂರ ಹಲ್ ಮೇಲೆ ಐದು ಗನ್, ಟಾರ್ಪಿಡೋ, ಬ್ರಿಡ್ಜ್. ಅದನ್ನ ನೆಟ್ಟಗೆ ಹಿಡಿಯೋದು ತಳದ ಟ್ಯಾಂಕಿನ ಎಣ್ಣೆ. 1944ರ ಡಿಸೆಂಬರ್ 18ರ ಟೈಫೂನಿನಲ್ಲಿ ಇದೇ ಕ್ಲಾಸಿನ ಸ್ಪೆನ್ಸ್ ಅನ್ನೋ ಹಡಗು ಮಗುಚಿದಾಗ ಎಣ್ಣೆ ಬಹುಪಾಲು ಖಾಲಿಯಾಗಿತ್ತು. ಅದಕ್ಕೂ ಬಿಲ್ಜ್ ಕೀಲ್ ಇತ್ತು! ನೀವು ತೆಗೆದಿದ್ದು ಆ ತಳದ ಭಾರಾನೇ. ಮಾಡೆಲ್‌ಗೆ 10 ಸೆಂ.ಮೀ. ಅಲೆ ಅಂದ್ರೆ ಅಸಲಿ ಹಡಗಿಗೆ 9.6 ಮೀಟರ್ ಇದ್ದ ಹಾಗೆ.

500 ಗ್ರಾಂ ಸೀಸ, ನಡುಗೆರೆಯ ಎರಡೂ ಬದಿಗೆ ಸಮನಾಗಿ, ತಳಕ್ಕೆ ಅಂಟೋ ಹಾಗೆ ಕೂರಿಸಿ. ಆಮೇಲೆ ತೊಟ್ಟೀಲಿ ತೇಲಿಸಿ, 50 ಗ್ರಾಂ ತೂಕವನ್ನ ಡೆಕ್ ಮೇಲೆ ನಡುವಿಂದ 50 ಮಿ.ಮೀ. ಪಕ್ಕಕ್ಕೆ ಸರಿಸಿ. 5 ಡಿಗ್ರಿ ವಾಲಿದರೆ ಜಿಎಂ (ವಾಲಿದ ಹಡಗು ಎಷ್ಟು ಬಲವಾಗಿ ನೆಟ್ಟಗಾಗುತ್ತೆ ಅನ್ನೋ ಅಳತೆ) 10 ಮಿ.ಮೀ., ಗಾಳಿಗೆ ಸಾಕು. 10 ಡಿಗ್ರಿ ವಾಲಿದರೆ 5 ಮಿ.ಮೀ., ಕೆರೆಗೆ ಇಳಿಸಲೇಬೇಡಿ. ನೀರು ಒಳಗೆ ಬಾರದ ಹಾಗೆ ಸ್ಟರ್ನ್ ಟ್ಯೂಬಿಗೆ (ಪ್ರೊಪೆಲ್ಲರ್ ದಂಡದ ಕೊಳವೆ) ಗ್ರೀಸ್ ತುಂಬಿ. ಒಳಗೆ 100 ಮಿ.ಲೀ. ನೀರು ಅತ್ತಿತ್ತ ಓಡಾಡಿದ್ರೂ ಈ ಲೆಕ್ಕ ಎಲ್ಲ ಕೆಡುತ್ತೆ.

ದೆಹಲಿ_100: ನನ್ನ ಐಎನ್ಎಸ್ ದೆಹಲಿ ಮಾಡೆಲ್ 1.63 ಮೀಟರ್, ಎರಡು ಬ್ರಷ್‌ಲೆಸ್ ಮೋಟಾರ್. ಎಂಥ ಗಾಳಿಗೂ ಅಲುಗಲ್ಲ. ಫೋಟೋ ಹಾಕಲಾ?

ಕೀಲ್_ಪ್ರೇಮಿ: ಸೀಸ ಅತಿ ಆದ್ರೆ ಜಿಎಂ ಹೆಚ್ಚಿ ಹಲ್ ಜರ್ಕ್ ಹೊಡೆಯುತ್ತೆ ಕಣ್ರೀ, ಮಾಸ್ಟ್ ಮುರಿಯುತ್ತೆ.

ಮಂಡ್ಯ_ಹಲ್: ಅದು ನಿಜ. 500 ದಾಟಬೇಡಿ, ವಾಟರ್‌ಲೈನ್ (ಹಲ್ ಎಲ್ಲಿವರೆಗೆ ಮುಳುಗಬೇಕು ಅನ್ನೋ ಗೆರೆ) ನೋಡ್ಕೊಂಡು ಹಾಕಿ.

ವರುಣಾ_ತೀರ: ಸೀಸ ಎಲ್ಲಿ ಸಿಗುತ್ತೆ?

ಮಂಡ್ಯ_ಹಲ್: ಟೈರ್ ಅಂಗಡೀಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸೋ ತೂಕ ಕೇಳಿ. ಕಬ್ಬಿಣದ್ದೂ ಬರುತ್ತೆ, ತುಕ್ಕು ಹಿಡಿಯುತ್ತೆ. ಆಯಸ್ಕಾಂತ ಇಟ್ಟು ನೋಡಿ ತಗೊಳ್ಳಿ.